ನನ್ನನ್ನು ಎಬ್ಬಿಸಿದ ಕೈ

ದೆವ್ವ, ಪವಾಡ, ಶಕುನ ಎಂದರೆ ನಾನು ನಗುವವಳು. ಅಜ್ಜಂಪುರದ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು ಇದನ್ನೆಲ್ಲ ನಂಬಿದರೆ ಮಕ್ಕಳೇ ಆಡಿಕೊಂಡಾವು. ಆದರೂ ಇದನ್ನು ಬರೆಯದೆ ಇರಲಾರೆ.

ಮಗಳಿಗೆ ಆಗ ಆರು ವರ್ಷ. ಒಂದು ನ್ಯುಮೋನಿಯಾ ಬಿಟ್ಟಿತೆನ್ನುವಷ್ಟರಲ್ಲಿ ಇನ್ನೊಂದು; ನಡುವೆ ಕಿವಿ ಸೋರುವುದು. ಶೀತದ ಮೈ ಎಂದು ಅತ್ತೆ ಮೊಸರು, ಬಾಳೆಹಣ್ಣು ನಿಲ್ಲಿಸಿದರು. ವಿಜ್ಞಾನದ ಮೇಡಂ ಆದ ನಾನೂ ಹೂಂ ಎಂದೆ! ಕೊನೆಗೆ ತರೀಕೆರೆಯ ಡಾಕ್ಟರೊಬ್ಬರು ಅನುಮಾನಪಟ್ಟು ಶಿವಮೊಗ್ಗಕ್ಕೆ ಕಳಿಸಿದರು. ರಕ್ತ ಪರೀಕ್ಷೆಯಲ್ಲಿ ತಿಳಿಯಿತು: ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ಅವಳ ಮೈ ಸರಿಯಾಗಿ ತಯಾರಿಸುತ್ತಲೇ ಇಲ್ಲ. ಯಾವ ಜೀನ್‌ನ ದೋಷವೆಂದು ಹುಡುಕಿದರೂ ಸಿಗಲಿಲ್ಲ.

"ಎಷ್ಟೋ ಜನಕ್ಕೆ ಸಿಗಲ್ಲಮ್ಮ, ಸಂಶೋಧನೆ ನಡೀತಾನೇ ಇದೆ. ಅಲ್ಲೀವರೆಗೆ ಬೇರೆಯವರ ಪ್ರತಿಕಾಯಾನೇ ಕೊಡೋಣ," ಎಂದರು ಅಲ್ಲಿನ ಡಾಕ್ಟರು. ಸಾವಿರಾರು ಜನ ಕೊಟ್ಟ ರಕ್ತದ ಪ್ಲಾಸ್ಮಾದಿಂದ ತೆಗೆದ ಔಷಧಿಯದು. ತಿಂಗಳಿಗೊಮ್ಮೆ ಡ್ರಿಪ್ಪಿನಲ್ಲಿ ಏರಿಸಬೇಕು.

ಮೊದಲ ಡ್ರಿಪ್ಪಿನ ಮಧ್ಯಾಹ್ನ. ವಾರಗಟ್ಟಲೆ ನಿದ್ದೆಗೆಟ್ಟಿದ್ದ ನಾನು ಮಂಚದ ಪಕ್ಕದ ಸ್ಟೂಲಿನಲ್ಲೇ ತೂಕಡಿಸಿಬಿಟ್ಟೆ. ಯಾರೋ ಭುಜ ಹಿಡಿದು ಗಟ್ಟಿಯಾಗಿ ಅಲುಗಿಸಿದರು. "ಏಳವ್ವ, ಮಗೂನ ನೋಡು." ಕಣ್ಣು ಬಿಟ್ಟರೆ ಮಗಳು ಗಡಗಡ ನಡುಗುತ್ತಿದ್ದಾಳೆ, ತುಟಿ ನೀಲಿಗಟ್ಟಿದೆ, ಕೂಗಲೂ ಆಗುತ್ತಿಲ್ಲ. ನಾನು ಕಿರುಚಿದೆ. ನರ್ಸ್ ಓಡಿಬಂದು ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆದರು. ಮಗು ಉಳಿಯಿತು. ಔಷಧಿ ಮೈಗೆ ಒಗ್ಗದೆ ಹಾಗಾಯಿತಂತೆ; ಮುಂದಿನ ಸಲದಿಂದ ತೀರ ನಿಧಾನವಾಗಿ ಏರಿಸಿದರು, ಒಗ್ಗಿತು.

ನನ್ನನ್ನು ಎಬ್ಬಿಸಿದವರು ಯಾರೆಂದು ಆಮೇಲೆ ನರ್ಸನ್ನು ಕೇಳಿದೆ. "ಯಾರೂ ಬಂದಿಲ್ಲ ಕಣ್ರೀ, ನಾನು ಬಾಗಿಲಲ್ಲೇ ಕೂತಿದ್ನಲ್ಲ," ಎಂದರು. ಕನಸು ಎನ್ನಬಹುದು. ಆದರೆ ಭುಜ ಸಂಜೆಯವರೆಗೂ ನೋಯುತ್ತಿತ್ತು. ಊರಿಗೆ ಬಂದ ಮೇಲೆ ಅತ್ತೆಗೊಬ್ಬರಿಗೆ ಇದನ್ನು ಹೇಳಿದೆ.

ಆ ವರ್ಷ ಹಿರಿಯರ ಹಬ್ಬದಲ್ಲಿ ಎಡೆಯ ಸಾಲಿಗೆ ನಾನು ಒಂದೆಲೆ ಹೆಚ್ಚಿಗೆ ಹಾಕಿದೆ.

"ಇದ್ಯಾರಿಗೇ?" ಎಂದರು ಅತ್ತೆ.

"ರಕ್ತ ಕೊಟ್ಟೋರಿಗೆ."

"ಅಯ್ಯೋ, ಬದುಕಿರೋರಿಗೆ ಎಡೆ ಇಡ್ತಾರೇನೇ! ಎಡೆ ಸತ್ತೋರಿಗೆ ಕಣೇ."

ನಾಚಿಕೆಯಾಗಿ ಎಲೆ ತೆಗೆಯಹೋದೆ. ಅತ್ತೆ ಕೈ ಹಿಡಿದುಕೊಂಡರು. "ಇರ್ಲಿ ಬಿಡು. ಆವತ್ತು ನಿನ್ನ ಎಬ್ಬಿಸ್ದೋರು ಉಣ್ಲಿ." ತಾವೇ ಅದಕ್ಕೊಂದು ವಡೆ ಹಾಕಿದರು.

ಹಿರಿಯರು ಬಂದು ಉಣ್ಣಲೆಂದು ಪದ್ಧತಿಯಂತೆ ಎಲ್ಲರೂ ಹೊರಬಂದು ಬಾಗಿಲು ಎಳೆದುಕೊಂಡೆವು. ಮಗಳು ಜಗಲಿಯ ಮೇಲೆ ಕೆಮ್ಮದೆ ಕುಣಿಯುತ್ತಿದ್ದಳು. ಒಳಗೆ ಯಾರಿದ್ದರೋ, ಯಾರೂ ಇರಲಿಲ್ಲವೋ, ನನಗೆ ಇಂದಿಗೂ ತಿಳಿಯದು. ಮುಚ್ಚಿದ ಬಾಗಿಲಿಗೆ ಕೈ ಮುಗಿದೆ.