ಪ್ರದರ್ಶನದ ಬೆಳಿಗ್ಗೆ ಕಡಸಿಗೆ ಹಚ್ಚಿದ ಎಣ್ಣೆ

ನನ್ನ ಕೈ ಸುಮ್ಮನಿರುವುದಿಲ್ಲ. ಬೇರೆಯವರ ಅಡುಗೆಮನೆಯಲ್ಲೂ ಸೌಟು ಹಿಡಿಯುತ್ತದೆ. ಆದರೆ ಅದು ಆ ದಿನ ಮಾಡಿದ ಕೆಲಸವನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ಸಿಡ್ನಿಯ ಅಂಚಿನ ಮಾರ್ಸ್ಡನ್ ಪಾರ್ಕಿನ ನಮ್ಮ ಮನೆಯಿಂದ ಮಗಳ ಶಾಲೆ ದೂರವಿಲ್ಲ. ಅಲ್ಲಿ ಕೃಷಿಯೂ ಒಂದು ವಿಷಯ. ಮಾಂಸಕ್ಕಾಗಿ ದನ ಸಾಕುವ ರೈತರೊಬ್ಬರು ತಮ್ಮದೊಂದು ಕಪ್ಪು ಕಡಸನ್ನು ಶಾಲೆಗೆ ಎರವಲು ಕೊಟ್ಟಿದ್ದರು. ಮಕ್ಕಳು ಅದನ್ನು ಪಳಗಿಸಿ ಸಿಡ್ನಿಯ ಜಾನುವಾರು ಪ್ರದರ್ಶನದಲ್ಲಿ ನಡೆಸಬೇಕು. ತತ್ತಿಯನ್ನೂ ಮುಟ್ಟದ ಮನೆಯ ಹುಡುಗಿ ಐದು ತಿಂಗಳು ಅದರ ಬೆನ್ನಿಗೇ ಅಂಟಿಕೊಂಡಿದ್ದಳು. ಪ್ರದರ್ಶನ ಮುಗಿದ ಮೇಲೆ ಕಡಸು ರೈತರ ಮಂದೆಗೆ ಹೋಗಬಹುದು, ಇಲ್ಲವೇ ಕಸಾಯಿಖಾನೆಗೆ ಹೋಗಬಹುದು ಎಂದು ಅವಳಿಗೆ ತಿಳಿದದ್ದು ಕೊನೆಯ ವಾರದಲ್ಲಿ. ರಿಬ್ಬನ್ ಗೆದ್ದರೆ ಉಳಿಯುತ್ತದೆ ಎಂದು ತಾನೇ ತೀರ್ಮಾನಿಸಿಬಿಟ್ಟಳು.

ಪ್ರದರ್ಶನದ ಬೆಳಿಗ್ಗೆ ನಾನು ಡಬ್ಬಿಯಲ್ಲಿ ಅವಲಕ್ಕಿ ತುಂಬಿಕೊಂಡು ಮೈದಾನಕ್ಕೆ ಹೋದೆ. ಮಗಳು ಕಡಸಿನ ಮೈ ತೊಳೆದು, ಬ್ಲೋವರ್ ಹಿಡಿದು ಒಣಗಿಸಿ, ಕೂದಲನ್ನು ಮೇಲ್ಮುಖವಾಗಿ ಬಾಚಿ ಉಬ್ಬಿಸಿಟ್ಟಿದ್ದಳು. ಹಾಗಿದ್ದರೆ ಮೈ ತುಂಬಿದಂತೆ ಕಾಣುತ್ತದಂತೆ. ಎದ್ದು ನಿಂತ ಆ ಕೂದಲು ಕಂಡು ನನಗೋ ಕಸಿವಿಸಿ. ಧಾರವಾಡದ ಕಡೆ ನಮ್ಮಪ್ಪ ಎತ್ತನ್ನು ನಾಲ್ಕು ಜನರೆದುರು ತರುವ ಮೊದಲು ಮೈಗೆ ಎಣ್ಣೆ ಸವರುತ್ತಿದ್ದರು. ಒಣಮೈಯ ಎತ್ತೆಂದರೆ ಯಜಮಾನನಿಗೇ ಅವಮಾನ. ಮಗಳು ಶರ್ಟ್ ಬದಲಿಸಲು ಹೋದಳು. ಅವಳ ಜಡೆಗೆಂದು ತಂದಿದ್ದ ಕೊಬ್ಬರಿ ಎಣ್ಣೆ ನನ್ನ ಚೀಲದಲ್ಲಿತ್ತು. ಬೆನ್ನಿನಿಂದ ಕಾಲಿನವರೆಗೆ ಪ್ರೀತಿಯಿಂದ ತಿಕ್ಕಿ, ಎದ್ದ ಕೂದಲನ್ನೆಲ್ಲ ಮೈಗೆ ಅಂಟಿಸಿದೆ.

ವಾಪಸ್ ಬಂದ ಮಗಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

“ಮಮ್ಮಿ, ವಾಟ್ ಡಿಡ್ ಯೂ ಡೂ?”

“ಮಿಂಚ್ಲಿ ಅಂತ ಹಚ್ಚೇನಿ, ನನ್ನವ್ವ.”

“ಶಿ ಲುಕ್ಸ್ ಸೋ ಥಿನ್ ನೌ. ದೇ ವಿಲ್ ಕಿಲ್ ಹರ್.”

ಸೋಪು ಹಾಕಿ ಇಬ್ಬರೂ ಉಜ್ಜಿದೆವು. ಎಣ್ಣೆ ಜಪ್ಪಯ್ಯ ಅನ್ನಲಿಲ್ಲ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಕಣದಲ್ಲಿ ಉಳಿದ ಕಡಸುಗಳೆಲ್ಲ ಪೂರಿಯಂತೆ ಉಬ್ಬಿ ನಡೆದವು. ನಡುವೆ ನಮ್ಮದು ತಟ್ಟಿಟ್ಟ ರೊಟ್ಟಿ. ಕೊನೆಯ ಸ್ಥಾನ ಬಂತು. ಹೊರಗೆ ಬಂದ ಮಗಳು ಅದರ ಕೊರಳಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಕಡಸು ಅಲುಗದೆ ನಿಂತಿತ್ತು.

ಅಷ್ಟರಲ್ಲಿ ಆ ರೈತರು ಬಂದರು, ವಯಸ್ಸಾದವರು. ತಪ್ಪು ನನ್ನದು, ಮಗುವಿನದಲ್ಲ ಎಂದು ಅವರ ಮುಂದೆ ಒಪ್ಪಿಕೊಂಡೆ. ಅವರು ಕಡಸಿನ ಬೆನ್ನು ಸವರಿ, ಬೆರಳಿಗೆ ಅಂಟಿದ ಎಣ್ಣೆ ಮೂಸಿ ನಕ್ಕರು. ಆಮೇಲೆ ಬಗ್ಗಿ ಗೊರಸು ಎತ್ತಿ ನೋಡಿದರು. ಸೊಂಟದ ಅಗಲವನ್ನು ಗೇಣಿನಿಂದ ಅಳೆದರು. ಜಲ್ಲಿಯ ಮೇಲೆ ನಡೆಸಿ ಹಿಂದಿನಿಂದ ದಿಟ್ಟಿಸಿದರು. ಅಪ್ಪ ಎತ್ತು ಕೊಳ್ಳುತ್ತಿದ್ದುದೂ ಹೀಗೆಯೇ, ಕಲ್ಲುನೆಲದ ಮೇಲೆ ನಡೆಸಿ.

“ಕೂದಲು ಕರು ಹಾಕುವುದಿಲ್ಲ,” ಎಂದರು ಇಂಗ್ಲಿಷಿನಲ್ಲಿ. “ನನಗೆ ಗುಡ್ಡ ಹತ್ತುವ ಕಾಲು ಬೇಕು, ಸಲೀಸಾಗಿ ಈಯುವ ಸೊಂಟ ಬೇಕು. ಅಳುವ ಹುಡುಗಿಯನ್ನು ಒದೆಯದ ಗುಣ ಬೇಕು. ರಿಬ್ಬನ್ ನೋಡಿ ನಾನು ಆರಿಸುವುದಿಲ್ಲ. ಇವಳು ನನ್ನ ಜೊತೆ ಬರುತ್ತಾಳೆ.”

ಮಗಳು ಕಣ್ಣೀರಲ್ಲೇ ನಕ್ಕಳು. ಮರುಕ್ಷಣವೇ, ಇವಳು ಹಾಕುವ ಕರುಗಳನ್ನು ಏನು ಮಾಡುತ್ತೀರಿ ಎಂದು ಕೇಳಿದಳು.

ರೈತರು ಟೋಪಿ ತೆಗೆದರು. ಒಳ್ಳೆಯ ಹೆಣ್ಣುಕರುಗಳನ್ನು ಉಳಿಸಿಕೊಳ್ಳುತ್ತೇನೆ, ಮಿಕ್ಕವು ಮಾಂಸಕ್ಕೆ, ನನ್ನ ಬದುಕೇ ಅದು ಮಗು ಎಂದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೇ ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಗೌರವ.

ಅವರು ಟ್ರಕ್ ತರಲು ಹೋದರು. ಮಗಳು ಕಡಸಿನ ಹಗ್ಗ ಹಿಡಿದು ನನ್ನತ್ತ ತಿರುಗಿದಳು.

“ಸೋ ಹೂ ಡಿಡ್ ವಿ ಸೇವ್, ಮಮ್ಮಿ?”

ಕಡಸು ಅವಳ ಅಂಗೈ ನೆಕ್ಕುತ್ತಿತ್ತು.

“ಇಕಿನ್ನ,” ಎಂದೆ. “ಇಕಿ ಒಬ್ಬಾಕಿನ್ನ.”