ಹಿಂದೆ ಹಾಡುವವರು

ನಮ್ಮತ್ತೆ ನನ್ನ ರೊಟ್ಟಿಯಲ್ಲಿ ಕೊಂಕು ತೆಗೆಯುವುದನ್ನು ಬಿಟ್ಟಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಲಾಕ್‌ಡೌನ್ ಶುರುವಾಗಿ ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ನಿಂತಿತ್ತು. ಗುಡಿಗೆ ಬೀಗ ಬಿದ್ದು ಹೆಂಗಸರ ಸೋಮವಾರದ ಭಜನೆಯೂ ನಿಂತಿತ್ತು. ದಪ್ಪ ರೊಟ್ಟಿ ಹಾಕಿದರೂ ಅತ್ತೆ ಸುಮ್ಮನೆ, ಸೀದ ರೊಟ್ಟಿ ಹಾಕಿದರೂ ಸುಮ್ಮನೆ. ಅರ್ಧ ತಿಂದು ತಟ್ಟೆ ಸರಿಸಿ, ಗೋಡೆಯತ್ತ ಮುಖ ಮಾಡಿ ಮಲಗಿಬಿಡುತ್ತಿದ್ದರು. ಇಷ್ಟು ಮೆತ್ತಗಿನ ಅತ್ತೆ ಬೇಕೆಂದು ಎಷ್ಟು ಹರಕೆ ಹೊತ್ತಿದ್ದೆನೋ, ಸಿಕ್ಕಾಗ ಬೇಡವಾಯಿತು.

“ಮನ್ಯಾಗ ಹಾಡ್ರಿ ಅತ್ತಿ, ಯಾರ್ ಬ್ಯಾಡ ಅಂತಾರ?” ಎಂದೆ.

“ಹಿಂದ ಹಿಡಿಯೋರಿಲ್ದ ಮುಂದ ಹಾಡೋದು ಹ್ಯಾಂಗ ಯವ್ವಾ?”

ಅವರ ಭಜನೆಯ ರೀತಿಯೇ ಅದು. ಒಬ್ಬರು ಸಾಲು ಹೇಳಬೇಕು, ಉಳಿದವರು ಅದನ್ನು ಎತ್ತಿಕೊಳ್ಳಬೇಕು. ಯಾರೂ ಎತ್ತಿಕೊಳ್ಳದ ಸಾಲು ಅತ್ತೆಯ ಪಾಲಿಗೆ ಹಾಡೇ ಅಲ್ಲ.

ಹಿಂದೆ ಹಾಡಲು ಬನ್ನಿ ಎಂದು ಗಂಡನನ್ನು ಕೇಳಿದೆ. ತಾಳ ಹುಡುಕುವ ನೆಪದಲ್ಲಿ ಅಟ್ಟ ಹತ್ತಿದವರು ಇಳಿಯಲೇ ಇಲ್ಲ. ಕೊನೆಗೆ ಅತ್ತೆಯನ್ನು ಎಬ್ಬಿಸಿಕೊಂಡು ಬಂದು ನಾನೇ ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತೆ. ನನ್ನ ದನಿಯ ಬಗ್ಗೆ ನನ್ನ ತವರು ಲಕ್ಷ್ಮೇಶ್ವರದಲ್ಲಿ ಯಾರಿಗೂ ಭ್ರಮೆಯಿರಲಿಲ್ಲ. ಅತ್ತೆ ಒಂದು ಸಾಲು ಹೇಳಿದರು. ನಾನು ಎತ್ತಿಕೊಂಡೆ, ಎತ್ತಿಕೊಂಡು ಎಲ್ಲಿಗೋ ಒಯ್ದೆ. ಎರಡನೆಯ ಸಾಲಿಗೆ ಎದುರುಮನೆಯ ಕದ ತೆರೆಯಿತು.

ಎದುರುಮನೆಯ ಅಜ್ಜಿಗೂ ನಮ್ಮತ್ತೆಗೂ ಹಿಂದಿನ ಶ್ರಾವಣದಿಂದ ಮಾತಿರಲಿಲ್ಲ. ಭಜನೆಯಲ್ಲಿ ಮೊದಲ ಹಾಡು ಯಾರದು ಎಂಬುದೇ ಜಗಳ. ಅಜ್ಜಿ ಹೊಸ್ತಿಲಲ್ಲೇ ನಿಂತು, ಅತ್ತೆಯ ಕಡೆ ನೋಡದೆ, ನನಗೆ ಹೇಳಿದರು: “ಯವ್ವಾ, ದೇವರಿಗೂ ಕಿವಿ ಅದಾವು. ಹಿಂಗ ಹಾಡ್ಬೇಕು!”

ಅದೇ ಸಾಲನ್ನು ಸರಿಯಾಗಿ ಎತ್ತಿಕೊಂಡರು. ಅತ್ತೆಯೂ ಅತ್ತ ನೋಡದೆ ಮುಂದಿನ ಸಾಲು ಹೇಳಿದರು. ಇಬ್ಬರ ನಡುವೆ ಯಾವ ಸರಕಾರವೂ ಒಪ್ಪುವಷ್ಟು ಅಂತರವಿತ್ತು. ನಾನು ಬಾಯಿ ಮುಚ್ಚಿ ಕೈತಾಳ ಹಾಕಿದೆ. ಎಷ್ಟೋ ದಿನದ ಮೇಲೆ ಅತ್ತೆಯ ತುಂಬು ದನಿ ಕೇಳಿ ನನ್ನ ಕಣ್ಣು ತುಂಬಿ ಬಂತು.

ಅಂದು ಊಟಕ್ಕೆ ಕುಳಿತ ಅತ್ತೆ ರೊಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಒಂದ್ ಕಡೆ ಹಸಿ, ಒಂದ್ ಕಡೆ ಸುಟ್ಟೈತಿ. ಇದೇನ್ ರೊಟ್ಟಿ ಯವ್ವಾ!” ಎಂದು ಎರಡು ತಿಂದರು.

ಗುಡಿಯ ಬೀಗ ತೆಗೆದು ವರ್ಷಗಳಾದವು. ಅವರಿಬ್ಬರಿಗೂ ಇನ್ನೂ ಮಾತಿಲ್ಲ. ಅಜ್ಜಿಗೆ ಈಗ ಮೊಣಕಾಲು ನೋವು, ಗುಡಿಯವರೆಗೆ ನಡೆಯಲಾಗದು. ಸೋಮವಾರ ಸಂಜೆ ಭಜನೆಗೆ ಹೊರಡುವ ಮುನ್ನ ಅತ್ತೆ ಕಟ್ಟೆಯ ಮೇಲೆ ಕುಳಿತು ನನ್ನನ್ನು ಕರೆಯುತ್ತಾರೆ.

“ಬಾ ಯವ್ವಾ, ಒಂದ್ ಸಾಲು ತಪ್ಪ ಹಾಡು. ಆಕಿ ಕದಾ ತಗೀಲಿ.”