ಬಾಗಿಲಿಗೆ ಬೆನ್ನು ಕೊಡುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿಂದೊಮ್ಮೆ ಬಟ್ಟೆಯ ಗೋದಾಮಾಗಿದ್ದ ಉದ್ದನೆಯ ಹಜಾರದಲ್ಲಿ, ಎಲ್ಲರೂ ಬಾಗಿಲಕ್ಕ ಎಂದೇ ಕರೆಯುವ ಹೆಂಗಸು ನೆಲ ಒರೆಸುತ್ತಿದ್ದಾರೆ. ಒದ್ದೆ ನೆಲದ ಮೇಲೆ ಕಿಟಕಿಯ ಮಸುಕು ಬೆಳಕು ಬಿದ್ದು, ಅವರು ನೀರಿನ ಮೇಲೆ ನಡೆಯುತ್ತಿರುವಂತೆ ಕಾಣುತ್ತದೆ. ಕೈ ಕೆಲಸದಲ್ಲಿದೆ, ಕಣ್ಣು ಮಾತ್ರ ಪದೇ ಪದೇ ಬಾಗಿಲ ಕಡೆ ಹೋಗುತ್ತಿದೆ. ಮೊನ್ನೆ ತಾನೇ ಬಡಗಿ ಬಂದು ಅದನ್ನು ರಿಪೇರಿ ಮಾಡಿ ಹೋಗಿದ್ದಾನೆ. ಸಂತೋಷಪಡಬೇಕಾದ ವಿಷಯವೇ. ಆದರೂ ಇವರು ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಾರೆ.

ರಜೆಯ ದಿನ ಬೆಳಗ್ಗೆ ಊರವರು ಇಲ್ಲಿ ಸೇರುತ್ತಾರೆ. ಕೆಲವರು ಹಾಡುತ್ತಾರೆ, ಉಳಿದವರು ಆ ಹಾಡು ಕೇಳುತ್ತಾ ಗೋಡೆಯುದ್ದ ಹಾಸಿದ ಒಂದೇ ಬಟ್ಟೆಯ ಮೇಲೆ ಚಿತ್ರ ಬರೆಯುತ್ತಾರೆ. ದರ್ಜಿ, ನರ್ಸಮ್ಮ, ಬಸ್ಸಿನ ಡ್ರೈವರ್, ಯಾರು ಬೇಕಾದರೂ ಬರಬಹುದು. ಗುಡಿಸಿ, ಒರೆಸಿ, ಎಲ್ಲರೂ ಬಂದ ಮೇಲೆ ಬಾಗಿಲು ಹಾಕುವುದು ಬಾಗಿಲಕ್ಕನ ಕೆಲಸ. ಆಮೇಲೆ ಅವರು ಹಿಂದಿನ ಕೋಣೆ ಸೇರಿ, ಬಂದವರು ಕಾಫಿ ಕುಡಿದಿಟ್ಟ ಲೋಟ ತೊಳೆಯುತ್ತಾರೆ. ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆ ವಾಸ. "ವಾರವೆಲ್ಲಾ ಆಫೀಸು ಗುಡಿಸ್ತಾಳೆ, ರಜೆ ದಿನ ಇಲ್ಲಿಗೆ ಓಡಿ ಬರ್ತಾಳೆ. ಸೊಂಟ ಇದೆಯೋ ಬಿದ್ದುಹೋಯ್ತೋ, ತಿರುಗೂ ನೋಡಲ್ಲ," ಎಂದು ತಂಗಿಯ ಗೊಣಗಾಟ.

ಆ ಬಾಗಿಲಿನ ಕಥೆ ಕೇಳಬೇಕು. ಮರ ಉಬ್ಬಿಕೊಂಡು, ಕೈಯಲ್ಲಿ ತಳ್ಳಿದರೆ ಜಪ್ಪಯ್ಯ ಅಂದರೂ ಮುಚ್ಚುತ್ತಿರಲಿಲ್ಲ. ಬಾಗಿಲಕ್ಕ ಅದಕ್ಕೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಒತ್ತಬೇಕಿತ್ತು. ಆಗ ಚಿಲಕ ಟಕ್ ಎಂದು ಬೀಳುತ್ತಿತ್ತು. ಒಂದು ಬೆಳಗ್ಗೆ ಅವರನ್ನು ಹಾಗೆ ಕಂಡ ಯಾರೋ ಪ್ರಾರ್ಥನೆ ಎಂದುಕೊಂಡು ತಾವೂ ಕಣ್ಣು ಮುಚ್ಚಿದರು. ಪಕ್ಕದವರೂ ಮುಚ್ಚಿದರು. ಮಾತು ನಿಂತಿತು, ಚಿಲಕ ಬಿತ್ತು, ಹಾಡು ಶುರುವಾಯಿತು. ಅಂದಿನಿಂದ ಅದೇ ಪದ್ಧತಿ.

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು," ಎನ್ನುತ್ತಾರೆ ಬಾಗಿಲಕ್ಕ. "ನಾನು ಯಾವ ದೇವರನ್ನೂ ನೆನೀತಿರ್ಲಿಲ್ಲ, ಆ ಹಾಳು ಬಾಗಿಲನ್ನ ಬೈಕೊಳ್ತಿದ್ದೆ. ಹೇಳ್ಬಿಡೋಣ ಅನ್ಕೊಂಡೆ. ಅಷ್ಟು ಜನ ಅಷ್ಟು ಚೆನ್ನಾಗಿ ಸುಮ್ಮನೆ ಕೂತಿರೋವಾಗ ಬಾಯೇ ಬರ್ಲಿಲ್ಲ."

ಅವರ ಬೆನ್ನುನೋವು ನೋಡಲಾರದೆ ಎಲ್ಲರೂ ಸೇರಿ ಬಾಗಿಲು ಸರಿ ಮಾಡಿಸಿ, ಹೊಸ ಚಿಲಕ ಹಾಕಿಸಿದ್ದಾರೆ. ಅದಾದ ಮೇಲೆ ಜನ ಸೇರುತ್ತಿರುವುದು ಇವತ್ತೇ ಮೊದಲು.

ಎಲ್ಲರೂ ಬಂದಾಗಿದೆ. ಬಾಗಿಲಕ್ಕ ಬೆರಳ ತುದಿಯಲ್ಲಿ ತಳ್ಳಿದರೆ ಸಾಕು, ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಯಾರ ಗಮನಕ್ಕೂ ಬರುವುದಿಲ್ಲ. ಹರಟೆ ನಡೆದೇ ಇದೆ. ಹಾಡಿನ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಶುರು ಮಾಡೋಣ್ವಾ?" ಎನ್ನುತ್ತಾರೆ. ಮುಂದಿನವರು ಹಾಡು ಎತ್ತಿಕೊಂಡರೆ ಹಿಂದಿನವರು ಇನ್ನೂ ಮಾತಿನಲ್ಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹಾಡು ಅರ್ಧಕ್ಕೇ ನಿಲ್ಲುತ್ತದೆ, ಯಾರ ಮುಖದಲ್ಲೂ ಕಳೆಯಿಲ್ಲ. ಮೂಲೆಯಲ್ಲಿ ನಿಂತ ಬಾಗಿಲಕ್ಕನಿಗೆ ಇವರೆಲ್ಲರದ್ದು ಏನನ್ನೋ ತಾನೇ ಕದ್ದ ಹಾಗೆ ಸಂಕಟವಾಗುತ್ತದೆ.

ಅವರು ಹೋಗಿ ಬಾಗಿಲು ತೆರೆಯುತ್ತಾರೆ. ಮತ್ತೆ ಮುಚ್ಚಿ, ಬೆನ್ನು ಕೊಟ್ಟು, ಕಣ್ಣು ಮುಚ್ಚುತ್ತಾರೆ. ಒತ್ತಲು ಏನೂ ಇಲ್ಲ, ಸುಮ್ಮನೆ ನಿಲ್ಲುತ್ತಾರೆ. ಮೊದಲು ದರ್ಜಿಯ ಮಾತು ನಿಲ್ಲುತ್ತದೆ, ಆಮೇಲೆ ನರ್ಸಮ್ಮನದು, ಆಮೇಲೆ ಎಲ್ಲರದೂ. ಬಣ್ಣದ ಬಟ್ಟಲಲ್ಲಿ ಆಡುತ್ತಿದ್ದ ಕುಂಚವೂ ನಿಲ್ಲುತ್ತದೆ. ಮೌನ ಹಜಾರದ ತುಂಬ ನಿಧಾನಕ್ಕೆ ಹರಡುತ್ತದೆ, ಹರಡುತ್ತಲೇ ಇರುತ್ತದೆ. ಎಲ್ಲರೂ ಆ ಒಂದು ಸದ್ದಿಗೆ ಕಾಯುತ್ತಿದ್ದಾರೆ. ಹೊಸ ಚಿಲಕಕ್ಕೆ ಸದ್ದೇ ಇಲ್ಲ.

ಬಾಗಿಲಕ್ಕ ನಾಲಿಗೆಯನ್ನು ಅಂಗುಳಿಗೊತ್ತಿ ಟಕ್ ಎನ್ನಿಸುತ್ತಾರೆ.

ಯಾರೂ ನಗುವುದಿಲ್ಲ. ಹಾಡು ಒಂದೇ ದನಿಯಾಗಿ ಏಳುತ್ತದೆ. ಬಾಗಿಲಕ್ಕ ಹಿಂದಿನ ಕೋಣೆಗೆ ಹೋಗುವುದನ್ನು ಮರೆತು ಅಲ್ಲೇ ಕುಳಿತುಬಿಡುತ್ತಾರೆ. ಇಷ್ಟು ವರ್ಷ ಗೋಡೆಯಾಚೆಯಿಂದ, ನೀರಿನ ಸದ್ದಿನ ನಡುವೆ ಕೇಳುತ್ತಿದ್ದ ಹಾಡು ಇವತ್ತು ಎದುರಿಗೇ ಇದೆ. ಅವರ ಕಣ್ಣು ತುಂಬಿ ಬರುತ್ತದೆ.

ಎಲ್ಲ ಮುಗಿದ ಮೇಲೆ ಮೇಷ್ಟ್ರು ಹತ್ತಿರ ಬರುತ್ತಾರೆ. "ಬಡಗಿನ ಕರೆಸಿ ಹಳೇ ಚಿಲಕಾನೇ ಹಾಕಿಸೋಣ್ವಾ ಅಕ್ಕ?"

"ಬೇಡ ಬಿಡಿ ಮೇಷ್ಟ್ರೇ, ಬೆನ್ನಿಗೆ ಹಾಯಾಗಿದೆ," ಎನ್ನುತ್ತಾರೆ ಬಾಗಿಲಕ್ಕ. ಆಮೇಲೆ ನೆಲ ನೋಡುತ್ತಾ ದನಿ ತಗ್ಗಿಸುತ್ತಾರೆ. "ಲೋಟ ಆಮೇಲೆ ತೊಳೀತೀನಿ. ಬರೋ ವಾರದಿಂದ ನಾನೂ ಇಲ್ಲೇ ಕೂತ್ಕೊಳ್ಳಲಾ?"